ಒಂದನೇ ನಂಬರಿನ ಪಿಸ್ತೂಲು

ಹಾರ್ಲನ್ ಸ್ಟೋಲ್ಟ್ಸ್‌ನನ್ನು ಮಣ್ಣು ಮಾಡಿ ಎರಡು ವಾರವಾಗಿತ್ತು. ಅವನ ಹೆಂಡತಿ ಲವಾನ್ ಒಂದು ಮಧ್ಯಾಹ್ನ ಹಳೇ ಹೊದಿಕೆಯಲ್ಲಿ ಸುತ್ತಿದ ಮರದ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆರ್ಲಿಸ್ ಕೊವಾರಿಕ್‌ಳ ಮನೆಯ ಹಿಂಬಾಗಿಲಿಗೆ ಬಂದಳು. ವಿಲೋಫೋರ್ಕಿನಲ್ಲಿ ಗುರುತಿನವರೆಲ್ಲ ಹಿಂಬಾಗಿಲಿಗೇ ಬರುವುದು. ಮುಂಬಾಗಿಲು ತಟ್ಟುವವರು ಪಾದ್ರಿ ಅಥವಾ ವಿಮೆಯವರು.

ಆರ್ಲಿಸ್ ಆಗ ದಾಲ್ಚಿನ್ನಿ ಬನ್ನಿನ ಹಿಟ್ಟು ನಾದುತ್ತಿದ್ದಳು. ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷದ ಹತ್ತಿರ ದುಡಿದವಳು ಅವಳು. ನೆಬ್ರಾಸ್ಕಾದ ಆ ಭಾಗದಲ್ಲಿ ಶಾಲೆಯ ಊಟವೆಂದರೆ ಮಾಂಸ, ಬೀನ್ಸ್ ಕಾಳು ಹಾಕಿ ಕುದಿಸಿದ ಚಿಲಿ, ಪಕ್ಕದಲ್ಲೊಂದು ದಾಲ್ಚಿನ್ನಿ ಬನ್ನು. ಊರಿನ ಅರ್ಧ ಜನ ಅವಳ ಕೈಯ ಚಿಲಿ ತಿಂದೇ ಮೀಸೆ ಬೆಳೆಸಿದವರು. ಕೆಲಸ ಬಿಟ್ಟು ಐದಾರು ವರ್ಷವಾಗಿದ್ದರೂ ಹತ್ತು ಜನಕ್ಕೆ ಕಡಿಮೆ ಹಿಟ್ಟು ಕಲಸುವುದು ಅವಳಿಗೆ ಬರುತ್ತಿರಲಿಲ್ಲ.

"ಒಳಗೆ ಬರ್ಲಾ ಆರ್ಲಿಸ್?" ಅಂದಳು ಲವಾನ್.

"ಬಂದಾಯ್ತಲ್ಲ. ಕೂತ್ಕೋ. ಕೈಯೆಲ್ಲ ಹಿಟ್ಟು."

ಇಬ್ಬರೂ ಒಂದೇ ಊರಿನಲ್ಲಿ, ನಾಲ್ಕು ಬೀದಿ ಅಂತರದಲ್ಲಿ ಜೀವಮಾನ ಕಳೆದಿದ್ದರೂ ಲವಾನ್ ಈ ಅಡುಗೆಮನೆಯಲ್ಲಿ ಕುಳಿತದ್ದು ಅದೇ ಮೊದಲು. ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಲವಾನ್ ಹೊದಿಕೆ ಬಿಚ್ಚಿ ಪೆಟ್ಟಿಗೆಯ ಮುಚ್ಚಳ ತೆರೆದಳು. ಒಳಗೆ ಕಡುಗೆಂಪು ಮಖಮಲ್ಲಿನ ಮೇಲೆ ಉದ್ದ ನಳಿಗೆಯ ರಿವಾಲ್ವರ್ ಮಲಗಿತ್ತು. ನೀಲಿ ಮಿಶ್ರಿತ ಕಪ್ಪು ಉಕ್ಕು, ಆಕ್ರೋಟು ಮರದ ಹಿಡಿ, ನಳಿಗೆಯ ಮೇಲೆ ಸಣ್ಣಗೆ ಕೆತ್ತಿದ 'ವಿಲೋಫೋರ್ಕ್ ೧೮೮೮-೧೯೮೮', ಕೆಳಗೆ 'ನಂ. ೧'. ಮುಚ್ಚಳದ ಒಳಬದಿಗೆ ಹಿತ್ತಾಳೆಯ ಪಟ್ಟಿ: 'ಶತಮಾನೋತ್ಸವ ಚಾಂಪಿಯನ್, ಹಾರ್ಲನ್ ಸ್ಟೋಲ್ಟ್ಸ್'.

ಆರ್ಲಿಸ್ ಆ ಪಟ್ಟಿಯನ್ನು ಓದಿದಳು. ಅವಳ ಕತ್ತು ಕೆಂಪಾಯಿತು.

"ಇದನ್ನ ನನ್ನ ಮನೆಗೆ ಯಾಕೆ ತಂದೆ?"

"ಇದು ನಿಂದು. ಹಾರ್ಲನ್ ಹೇಳಿ ಹೋದ. ಆಸ್ಪತ್ರೇಲಿ, ಮಾತು ನಿಲ್ಲೋಕೆ ಮುಂಚೆ. 'ಅದು ಆರ್ಲಿಸ್‌ದು, ಅವಳಿಗೆ ತಲುಪಿಸು' ಅಂದ."

"ನಂದು ಅಂತ ನಂಗೆ ಯಾವತ್ತೋ ಗೊತ್ತಿತ್ತು, ಲವಾನ್. ಅವನಿಗೆ ಗೊತ್ತಾಗೋಕೆ ಸಾಯೋವರೆಗೆ ಬೇಕಾಯ್ತಾ?"

ಅದು ಶತಮಾನೋತ್ಸವದ ಬೇಸಿಗೆಯ ಸಂಗತಿ. ಊರು ಹುಟ್ಟಿ ನೂರು ವರ್ಷವಾಯಿತೆಂದು ಗಂಡಸರೆಲ್ಲ ಪೈಪೋಟಿಯ ಮೇಲೆ ಗಡ್ಡ ಬಿಟ್ಟಿದ್ದರು, ಹೆಂಗಸರು ಮುತ್ತಜ್ಜಿಯರ ಕಾಲದ ಲಂಗ ಹೊಲಿಸಿಕೊಂಡಿದ್ದರು. ಉತ್ಸವ ಸಮಿತಿ ಇಟಲಿಯ ಕಾರ್ಖಾನೆಯೊಂದಕ್ಕೆ ಹೇಳಿ, ಕುದುರೆ ಸವಾರರ ಕಾಲದ ಹಳೇ ರಿವಾಲ್ವರಿನ ನಕಲುಗಳನ್ನು ಮಾಡಿಸಿ, ಊರ ಹೆಸರು ಕೆತ್ತಿಸಿ, ನಂಬರು ಹಾಕಿಸಿ ಮಾರಿತು. ಒಂದನೇ ನಂಬರಿನದನ್ನು ಮಾತ್ರ ಮಾರಲಿಲ್ಲ. ಜಲ್ಲಿಗುಂಡಿಯಲ್ಲಿ ನಡೆಯುವ ಪಿಸ್ತೂಲು ಸ್ಪರ್ಧೆಯಲ್ಲಿ ಗೆದ್ದವರಿಗೆ ಅದು ಬಹುಮಾನ ಎಂದು ಅಂಚೆ ಕಚೇರಿಯ ಗೋಡೆಗೆ ನೋಟೀಸು ಅಂಟಿಸಿದ್ದರು.

ಆರ್ಲಿಸ್‌ಗೆ ಆಗ ಮೂವತ್ತಾರು. ಚಿಕ್ಕಂದಿನಲ್ಲಿ ಚಿಕ್ಕಪ್ಪನ ಹುಲ್ಲುಗಾವಲಿನಲ್ಲಿ ಹಾವಿಗೂ ಡಬ್ಬಿಗೂ ಗುರಿಯಿಟ್ಟು ಬೆಳೆದವಳು. ಚಿಕ್ಕಪ್ಪನ ಹಳೇ ರಿವಾಲ್ವರನ್ನೇ ತೆಗೆದುಕೊಂಡು ಹೋಗಿ ಸಾಲಿನಲ್ಲಿ ನಿಂತಳು. ಐದು ಕಬ್ಬಿಣದ ತಟ್ಟೆ, ಐದು ಗುಂಡು. ಠಣ್ ಠಣ್ ಎಂದು ಐದನ್ನೂ ಕೆಡವಿದಳು. ಅವಳ ನಂತರ ನಿಂತ ಹಾರ್ಲನ್ ನಾಲ್ಕು ಕೆಡವಿದ. ಉಳಿದವರು ಮೂರು ದಾಟಲಿಲ್ಲ.

ಸಂಜೆ ಉದ್ಯಾನದ ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷ, ಬ್ಯಾಂಕಿನ ಎಮಿಲ್ ಫೈಫರ್, ಮೈಕು ಹಿಡಿದು ಹಾರ್ಲನ್‌ನ ಹೆಸರು ಕರೆದ. ಬ್ಯಾಂಡು ಬಾರಿಸಿತು. ಆಮೇಲೆ 'ಉತ್ತಮ ಮಹಿಳಾ ಸ್ಪರ್ಧಿ' ಎಂದು ಆರ್ಲಿಸ್‌ಳನ್ನು ಕರೆದು ಕೈಗೊಂದು ಎಲೆಕ್ಟ್ರಿಕ್ ರೋಸ್ಟರ್ ಕೊಟ್ಟ. ಟರ್ಕಿ ಕೋಳಿ ಬೇಯಿಸುವ ಪಾತ್ರೆ. ಆ ದಿನ ಸ್ಪರ್ಧಿಸಿದ ಹೆಂಗಸು ಅವಳೊಬ್ಬಳೇ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳು ವೇದಿಕೆಯ ಹಿಂದೆ ಹೋಗಿ ಎಮಿಲ್‌ನನ್ನು ಕೇಳಿದಳು. "ಐದಕ್ಕೆ ಐದು ಬೀಳ್ಸಿದ್ದು ನಾನಲ್ವಾ?"

"ಬೀಳ್ಸಿದ್ದೀಯಮ್ಮ, ಯಾರು ಇಲ್ಲ ಅಂದ್ರು? ಆದ್ರೆ ಚಾಂಪಿಯನ್ ಅನ್ನೋದು ಗಂಡಸರ ವಿಭಾಗದ್ದು."

"ನೋಟೀಸಲ್ಲಿ ವಿಭಾಗ ಗಿಭಾಗ ಅಂತ ಎಲ್ಲೂ ಇರ್ಲಿಲ್ಲ."

ಎಮಿಲ್ ನಕ್ಕ. "ಪಿಸ್ತೂಲು ಇಟ್ಕೊಂಡು ನೀನೇನು ಮಾಡ್ತೀಯ ಹೇಳು. ರೋಸ್ಟರ್ ಆದ್ರೆ ದಿನಾ ಉಪಯೋಗಕ್ಕೆ ಬರುತ್ತೆ."

ಅವಳು ರೋಸ್ಟರನ್ನು ನೇರ ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಒಯ್ದು, ಮೇಜಿನ ಮೇಲೆ ಕುಕ್ಕಿ, ತಿರುಗಿ ನೋಡದೆ ಬಂದಳು. ಬಹುಮಾನ ತಪ್ಪಿದ್ದಕ್ಕಿಂತ ಆಮೇಲಿನ ವರ್ಷಗಳು ಅವಳನ್ನು ಹೆಚ್ಚು ಉರಿಸಿದವು. "ಏನ್ ಆರ್ಲಿಸ್, ರೋಸ್ಟರ್ ಹೇಗೆ ಗುಂಡು ಹಾರಿಸುತ್ತೆ?" ಎಂದು ಧಾನ್ಯದ ಗೋದಾಮಿನ ಮುಂದೆ ನಿಂತವರು ಕಿಚಾಯಿಸುವುದು. ಅವಳೂ ನಗಬೇಕು ಎಂದು ಅವರು ಕಾಯುವುದು. ಹಾರ್ಲನ್ ಮಾತ್ರ ಯಾವತ್ತೂ ಆ ತಮಾಷೆ ಮಾಡಲಿಲ್ಲ. ಅವನು ಅವಳ ಕಣ್ಣಿಗೆ ಕಣ್ಣು ಕೊಡುವುದನ್ನೇ ಬಿಟ್ಟ. ಶಾಲೆಯ ಔತಣಗಳಲ್ಲಿ ಅವಳು ಬಡಿಸುವ ಸಾಲು ಬಿಟ್ಟು ಇನ್ನೊಂದು ಸಾಲಿಗೆ ಹೋಗಿ ನಿಲ್ಲುತ್ತಿದ್ದ.

ಈಗ ಆರ್ಲಿಸ್ ಕೈ ತೊಳೆದು, ಒರೆಸಿಕೊಂಡು, ಪಿಸ್ತೂಲನ್ನು ಮಖಮಲ್ಲಿನಿಂದ ಎತ್ತಿದಳು. ಕಿಟಕಿಯ ಬೆಳಕಿಗೆ ಹಿಡಿದು, ಗುಂಡು ತುಂಬುವ ಉರುಳೆಯನ್ನು ಹತ್ತಿರದಿಂದ ನೋಡಿದಳು. ಈ ಮಾದರಿಯಲ್ಲಿ ಹಿಂದಿನ ಹ್ಯಾಮರನ್ನು ಒಂದೇ ಒಂದು ಸಲ ಎಳೆದರೂ ಉರುಳೆ ತಿರುಗಿ ಅದರ ಸುತ್ತ ಕೂದಲೆಳೆಯಂಥ ಗೆರೆ ಮೂಡುತ್ತದೆ. ಇದರ ಮೇಲೆ ಗೆರೆಯೇ ಇರಲಿಲ್ಲ. ನೀಲಿ ಬಣ್ಣ ಕನ್ನಡಿಯ ಹಾಗಿತ್ತು.

"ಹ್ಯಾಮರ್ ಕೂಡ ಎಳೆದಿಲ್ವಾ ಅವನು?"

"ಒಂದ್ಸಲಾನೂ ಇಲ್ಲ. ಕ್ರಿಸ್‌ಮಸ್ ಹತ್ರ ಬಂದಾಗ ತೆಗೆದು ಎಣ್ಣೆ ಒರೆಸಿ ಮತ್ತೆ ಮುಚ್ಚಿಡ್ತಿದ್ದ. ಹಾರಿಸೋದಿಲ್ವಾ ಅಂದ್ರೆ, 'ನನ್ನ ಕೈ ಗೆದ್ದಿದ್ದಲ್ಲ ಅದು' ಅಂತಿದ್ದ."

ಅದನ್ನು ಕೇಳಿ ಆರ್ಲಿಸ್‌ಗೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ಅಷ್ಟು ನಾಚಿಕೆ ಇದ್ದೋನು ನಾಲ್ಕು ಬೀದಿ ನಡ್ಕೊಂಡು ಬರ್ಬೇಕಿತ್ತು! ಬಾಗಿಲು ತಟ್ಟಿ, 'ತಗೋ ಆರ್ಲಿಸ್, ತಪ್ಪಾಯ್ತು' ಅಂದಿದ್ರೆ ಮುಗೀತಿತ್ತು. ಅದು ಬಿಟ್ಟು ಎಣ್ಣೆ ಒರೆಸ್ತಾ ಕೂತಿದ್ನಾ? ಇಷ್ಟು ವರ್ಷ ನಂಗೂ ಇಲ್ಲ, ಅವನಿಗೂ ಇಲ್ಲ!"

ಲವಾನ್ ಅಳಲಿಲ್ಲ. "ಬೈಯಿ. ನಾನೂ ಬೈದಿದ್ದೀನಿ. ಬೈದು ಬೈದು ಸಾಕಾಗಿದೆ. ಆದ್ರೆ ವಾಪಸ್ ಮಾತ್ರ ಕೊಡ್ಬೇಡ. ಡ್ವೈಟ್ ಫೈಫರ್ ಆಗ್ಲೇ ಕೇಳಿದ್ದಾನೆ, ಊರಿನ ಮ್ಯೂಸಿಯಂಗೆ ಬೇಕಂತೆ. ಎಲ್ಲಿ ಕೇಳಿದ ಗೊತ್ತಾ? ಮಣ್ಣು ಮಾಡಿ ಬಂದು ಚರ್ಚಲ್ಲಿ ಊಟಕ್ಕೆ ಕೂತಿದ್ವಲ್ಲ, ಅಲ್ಲಿ. ಕೈಲಿ ಹ್ಯಾಮ್ ಸ್ಯಾಂಡ್‌ವಿಚ್ ಹಿಡ್ಕೊಂಡು."

ಡ್ವೈಟ್ ಎಂದರೆ ಎಮಿಲ್‌ನ ಮಗ. ಅಪ್ಪನ ನಂತರ ಬ್ಯಾಂಕೂ ಅವನದೇ, ಊರಿನ ಇತಿಹಾಸ ಸಂಘದ ಅಧ್ಯಕ್ಷತೆಯೂ ಅವನದೇ. ಆರ್ಲಿಸ್ ಪೆಟ್ಟಿಗೆಯ ಮುಚ್ಚಳ ಹಾಕಿ ಫ್ರಿಜ್ಜಿನ ಮೇಲಿಟ್ಟಳು. ಲವಾನ್ ಹೊರಡುವಾಗ ಬೆಂದಷ್ಟು ಬನ್ನನ್ನು ಕಟ್ಟಿ ಕೊಟ್ಟಳು, ಮುಖ ಮಾತ್ರ ಸಡಿಲಿಸಲಿಲ್ಲ.

ಸಂಜೆ ಗಂಡ ಲೆನ್ ಬಂದ. ಟ್ರ್ಯಾಕ್ಟರು, ಕೊಯ್ಲಿನ ಯಂತ್ರ ರಿಪೇರಿ ಮಾಡಿಯೇ ಬೆರಳ ಸಂದಿಯೆಲ್ಲ ಕಪ್ಪಾದ ಮನುಷ್ಯ. ಪಿಸ್ತೂಲನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು, ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ ಕಣೇ. ಏನ್ ಮಾಡ್ತೀಯ?"

"ಹಾರಿಸ್ತೀನಿ. ಇನ್ನೇನು, ಪೂಜೆ ಮಾಡ್ಲಾ?"

"ಹಾರಿಸ್ಬೋದು. ಆದ್ರೆ ಮೂವತ್ತು ಮಾಡಿದ್ರೋ ಏನೋ, ಅದರಲ್ಲಿ ಹೀಗೆ ಉಳಿದಿರೋದು ಇದೊಂದೇ. ನನ್ನ ಹತ್ರ ಬಂದಿದ್ದ ಹನ್ನೊಂದನೇದನ್ನ ನೋಡ್ಬೇಕಿತ್ತು, ತುಕ್ಕು ಹಿಡಿದು ಒರಟೆದ್ದು ಹೋಗಿತ್ತು. ಒಂದ್ಸಲ ಎಳೆದ್ರೆ ಆಯ್ತು, ಎಳೆದಿಲ್ಲ ಅಂತ ಆಮೇಲೆ ಮಾಡೋಕಾಗಲ್ಲ."

"ಎಳೀದೇ ಇದ್ರೆ?"

"ಎಳೀದೇ ಇದ್ರೆ ಯಾವತ್ತು ಬೇಕಾದ್ರೂ ಎಳೀಬೋದು," ಅಂದ ಲೆನ್. ಆರ್ಲಿಸ್‌ಗೆ ಅವನ ಮೇಲೂ ರೇಗಿತು, ಯಾಕೆಂದರೆ ಅದು ಸರಿಯಾದ ಮಾತಾಗಿತ್ತು.

ಪಿಸ್ತೂಲು ಎಲ್ಲಿಗೆ ಹೋಯಿತೆಂಬ ಸುದ್ದಿ ತಿಳಿದು ಮರುವಾರ ಡ್ವೈಟ್ ಬಂದ. ಮುಂಬಾಗಿಲು ತಟ್ಟಿದ. ಅರವತ್ತರ ಹತ್ತಿರದ ಮನುಷ್ಯ, ಮೆತ್ತಗಿನ ಮಾತು, ಒಗೆದು ಇಸ್ತ್ರಿ ಮಾಡಿದ ಜೀನ್ಸು. ಕೂರುವ ಮೊದಲೇ ಕೇಳಿದ. "ಆರ್ಲಿಸ್, ಹ್ಯಾಮರ್ ಎಳೆದಿಲ್ಲ ತಾನೇ ನೀವು?"

"ನಮಸ್ಕಾರ, ಚೆನ್ನಾಗಿದ್ದೀರಾ ಅಂತ ಕೇಳೋ ಪದ್ಧತಿ ಬ್ಯಾಂಕಲ್ಲಿ ಇಲ್ವೇನಯ್ಯ?"

ಡ್ವೈಟ್ ನಕ್ಕು, ಕುಳಿತು, ವಿಷಯ ಬಿಡಿಸಿದ. ಹಳೇ ರೈಲು ನಿಲ್ದಾಣವನ್ನು ಮ್ಯೂಸಿಯಂ ಮಾಡಿದ್ದಾರೆ. ಬಾಗಿಲಿಗೆ ಎದುರಾಗಿ ಗಾಜಿನ ಪೆಟ್ಟಿಗೆ, ಒಳಗೆ ದೀಪ. ಅದರಲ್ಲಿ ಒಂದನೇ ನಂಬರಿನ ಪಿಸ್ತೂಲು, ಒಮ್ಮೆಯೂ ಹಾರಿಸದ್ದು, ಬಂದ ಸ್ಥಿತಿಯಲ್ಲೇ ಇರುವಂಥದ್ದು. "ಕೆಳಗೆ ನಿಮ್ಮ ಹೆಸರೂ ಹಾಕಿಸ್ತೀವಿ. 'ಆರ್ಲಿಸ್ ಕೊವಾರಿಕ್ ಅವರ ಕೊಡುಗೆ' ಅಂತ."

"ಮೇಲೆ?"

"ಮೇಲೆ ಪೆಟ್ಟಿಗೇಲಿ ಇರೋ ಹಿತ್ತಾಳೆ ಪಟ್ಟಿ ಇದ್ದೇ ಇದೆಯಲ್ಲ."

"ಅಂದ್ರೆ ಗೆದ್ದೋನು ಹಾರ್ಲನ್, ಕೊಟ್ಟೋಳು ನಾನು."

"ದಾಖಲೆ ಹಾಗೇ ಇದೆ, ಆರ್ಲಿಸ್. ಅವತ್ತಿನ ಪೇಪರಲ್ಲೂ ಹಾಗೇ ಬಂದಿದೆ. ಇತಿಹಾಸಾನ ನಾವು ಈಗ ತಿದ್ದೋಕಾಗುತ್ತಾ?"

"ತಿದ್ದಿದ್ದು ನಿಮ್ಮಪ್ಪ. ನಾನು ನೇರ ಮಾಡು ಅಂತಿದ್ದೀನಿ. ಆ ಪಟ್ಟಿ ಬದ್ಲಾಯ್ಸಿ ನನ್ನ ಹೆಸರು ಹಾಕು. ನಾಳೇನೇ ತಂದ್ಕೊಡ್ತೀನಿ, ಹ್ಯಾಮರ್ ಮುಟ್ಟಲ್ಲ."

ಸಮಿತಿಯ ಮುಂದೆ ಇಡುತ್ತೇನೆ ಎಂದು ಹೇಳಿ ಡ್ವೈಟ್ ಹೋದ. ಗುರುವಾರ ಸಮಿತಿ ಸೇರಿದಾಗ ಆರ್ಲಿಸ್ ಕರೆಯದೇ ಹೋಗಿ ಕುಳಿತಳು. ರೈಲು ನಿಲ್ದಾಣದ ಹಳೇ ಕಾಯುವ ಕೋಣೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಏಳೆಂಟು ಜನ ಕಾಫಿ ಕುಡಿಯುತ್ತಿದ್ದರು. ಎದುರಿಗೆ ಆ ಗಾಜಿನ ಪೆಟ್ಟಿಗೆ, ದೀಪ ಹಾಕಿ, ಖಾಲಿ. ಮೂಲೆಯಲ್ಲಿ ಆಲ್ವಿನ್ ಬೌಮ್ ಊರುಗೋಲಿನ ಮೇಲೆ ಗದ್ದ ಇಟ್ಟುಕೊಂಡು ಕೂತಿದ್ದ. ಶತಮಾನೋತ್ಸವದ ಸ್ಪರ್ಧೆಯಲ್ಲಿ ಬಿದ್ದ ತಟ್ಟೆಗಳನ್ನು ಎಣಿಸಿದವನು ಅವನೇ.

ಆರ್ಲಿಸ್ ಎದ್ದು ನಿಂತು ಕೇಳಿದಳು. "ಆಲ್ವಿನ್, ನಾನು ಎಷ್ಟು ಬೀಳಿಸಿದ್ದೆ ಅವತ್ತು?"

ಆಲ್ವಿನ್ ಡ್ವೈಟ್‌ನ ಮುಖ ನೋಡಿದ. ಮತ್ತೆ ನೆಲ ನೋಡಿದ. "ಐದು."

"ಹಾರ್ಲನ್?"

"ನಾಲ್ಕು. ಕೊನೇದು ಮರಳಿಗೆ ಹೋಯ್ತು."

"ಮತ್ತೆ ಯಾಕಯ್ಯ ಅವತ್ತು ಬಾಯಿ ಬಿಡ್ಲಿಲ್ಲ?"

"ನನ್ನ ಯಾರು ಕೇಳಿದ್ರಮ್ಮ? ಎಮಿಲ್ ಹೇಳಿದ, ಆಯ್ತು. ಈಗ ಅದನ್ನೆಲ್ಲ ಕೆದಕಿ ಏನ್ ಬರುತ್ತೆ? ಹಾರ್ಲನ್ ಪಾಪ, ಹೋಗೇಬಿಟ್ಟ."

"ನಾನು ಇನ್ನೂ ಇದ್ದೀನಲ್ಲ!" ಅಂದಳು ಆರ್ಲಿಸ್.

ಡ್ವೈಟ್ ಗಂಟಲು ಸರಿಮಾಡಿಕೊಂಡ. "ನೋಡಿ, ಯಾರೂ ಅಲ್ಲಗಳೀತಿಲ್ಲ. ಆದ್ರೆ ನಮ್ಮಪ್ಪ ಈಗ ಉತ್ತರ ಕೊಡೋಕೆ ಇಲ್ಲಿಲ್ಲ. ಇಲ್ಲದೇ ಇರೋರ ಮೇಲೆ..."

"ಇದ್ದಾಗ್ಲೇ ಕೇಳಿದ್ದೆ ನಾನು. ನಕ್ಕ."

"ಪಿಸ್ತೂಲಿನ ಬಗ್ಗೆಯಾದ್ರೂ ಯೋಚ್ನೆ ಮಾಡಿ, ಆರ್ಲಿಸ್. ಸಿಟ್ಟಲ್ಲಿ ಒಂದು ಗುಂಡು ಹಾರಿಸಿದ್ರೂ ಅದರ ಚರಿತ್ರೆ ಹೋಯ್ತು. ಆಮೇಲೆ ಅದು ಬರೀ ಪಿಸ್ತೂಲು."

"ಚರಿತ್ರೆ!" ಆರ್ಲಿಸ್‌ಳ ದನಿ ಆ ಖಾಲಿ ನಿಲ್ದಾಣದಲ್ಲಿ ಗಣಗಣ ಎಂದಿತು. "ಇಟಲೀಲಿ ಮಾಡಿಸಿದ ನಕಲು ಕಣಯ್ಯ ಅದು. ಯಾವ ಸವಾರನೂ ಹಿಡಿದಿದ್ದಲ್ಲ, ಯಾವ ಕಳ್ಳನ್ನೂ ಅಟ್ಟಿದ್ದಲ್ಲ. ಅದಕ್ಕೆ ಇರೋ ಚರಿತ್ರೆ ಒಂದೇ. ಅದನ್ನ ಒಬ್ಬಳು ಗೆದ್ಲು, ಇನ್ನೊಬ್ಬನಿಗೆ ಕೊಟ್ರು. ಆ ಚರಿತ್ರೇನ ಮುಚ್ಚಿಟ್ಟು, ಉಕ್ಕಿನ ಮೇಲೆ ಗೆರೆ ಬೀಳ್ಬಾರ್ದು ಅಂತ ಅಳ್ತಿದ್ದೀರಲ್ಲ, ನಾಚಿಕೆ ಆಗಲ್ವಾ?"

ಅವಳು ಹೊರಬಂದಳು. ಪಟ್ಟಿ ಬದಲಿಸುವುದು ಬೇಡವೆಂದು ತೀರ್ಮಾನವಾಯಿತೆಂಬ ಸುದ್ದಿ ಮರುದಿನ ಅಂಗಡಿಯಲ್ಲಿ ಸಿಕ್ಕಿತು.

ಅಷ್ಟು ಕೂಗಾಡಿ ಬಂದವಳು ಅದೇ ದಿನ ಹಾರಿಸಿಬಿಡುತ್ತಾಳೆಂದು ಲೆನ್ ಅಂದುಕೊಂಡಿದ್ದ. ಅವಳೂ ಹಾಗೇ ಅಂದುಕೊಂಡಿದ್ದಳು. ಪಿಸ್ತೂಲನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಕೂತಳು. ಹಿಡಿ ಅವಳ ಅಂಗೈಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂಡುತ್ತಿತ್ತು, ತೂಕ ಸರಿಯಾಗಿತ್ತು, ಬೆಳಕು ಬಿದ್ದಲ್ಲೆಲ್ಲ ಉಕ್ಕು ನೀರಿನ ಹಾಗೆ ಹೊಳೆಯುತ್ತಿತ್ತು. ಹೆಬ್ಬೆರಳನ್ನು ಹ್ಯಾಮರಿನ ಮೇಲೆ ಇಟ್ಟಳು. ಎಳೆಯಲಿಲ್ಲ.

ಇಡೋಣವೇ? ಮುಂದೊಂದು ದಿನ ಡ್ವೈಟ್ ಹೋಗಿ ಬೇರೆ ಯಾರೋ ಅಧ್ಯಕ್ಷರಾಗಬಹುದು, ಆಗ ಪಟ್ಟಿಯೂ ಬದಲಾಗಬಹುದು. ಹಾಗೇ ಉಳಿದ ಪಿಸ್ತೂಲಿಗೆ ಜನ ಬೆಲೆ ಕೊಡುತ್ತಾರೆ, ಅದರ ಜೊತೆ ಅವಳ ಮಾತಿಗೂ ಬೆಲೆ ಬರಬಹುದು. ಹಾರಿಸಿದರೆ ಊರೆಲ್ಲ ಅನ್ನುವುದು ಒಂದೇ: ಮುದುಕಿ ಹೊಟ್ಟೆಕಿಚ್ಚಿಗೆ ಊರಿನ ಆಸ್ತಿ ಹಾಳು ಮಾಡಿದಳು. ಹೀಗೆ ಯೋಚಿಸುತ್ತ, ಎಣ್ಣೆ ಬಟ್ಟೆ ತಂದು ಬೆರಳಿನ ಗುರುತುಗಳನ್ನು ಒರೆಸಿದಳು. ಒರೆಸುತ್ತಿರುವಾಗ ತಟ್ಟನೆ ಹೊಳೆಯಿತು, ಹಾರ್ಲನ್ ಮಾಡುತ್ತಿದ್ದದ್ದೂ ಇದನ್ನೇ. ಬಟ್ಟೆಯನ್ನು ಸಿಂಕಿಗೆ ಎಸೆದಳು. ಆದರೂ ಎಳೆಯಲಾಗಲಿಲ್ಲ. ತನ್ನ ಮೇಲೇ ಸಿಟ್ಟು ಬಂದು ಎರಡು ದಿನ ಲೆನ್‌ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಜುಲೈ ತಿಂಗಳಲ್ಲಿ ಊರಹಬ್ಬದ ಸ್ಪರ್ಧೆ ಬಂತು. ಜಲ್ಲಿಗುಂಡಿಯಲ್ಲಿ ಪಿಕಪ್ ಗಾಡಿಗಳು ಸಾಲಾಗಿ ನಿಂತವು, ಕೊಡೆಗಳ ಕೆಳಗೆ ಕುರ್ಚಿಗಳು, ಒಲೆಯ ಮೇಲೆ ಸಾಸೇಜಿನ ಹೊಗೆ. ಆರ್ಲಿಸ್ ತಾನು ದಿನಬಳಕೆಗೆ ಇಟ್ಟುಕೊಂಡಿದ್ದ ರಿವಾಲ್ವರನ್ನು ತಂದಿದ್ದಳು. ಮರದ ಪೆಟ್ಟಿಗೆಯನ್ನೂ ತಂದಿದ್ದಳು. ಯಾಕೆಂದು ಲೆನ್ ಕೇಳಲಿಲ್ಲ. ಲವಾನ್ ಒಂದು ದೊಡ್ಡ ಹುಲ್ಲಿನ ಟೋಪಿ ಹಾಕಿಕೊಂಡು ಬಂದು ಅವರ ಪಕ್ಕದಲ್ಲೇ ಕುರ್ಚಿ ಬಿಡಿಸಿದಳು.

ಆರ್ಲಿಸ್‌ಳ ಸರದಿ ಬರಲು ಇನ್ನಿಬ್ಬರಿರುವಾಗ ಡ್ವೈಟ್ ಹತ್ತಿರ ಬಂದ. ಪೆಟ್ಟಿಗೆ ಕಂಡು ಅವನ ಮುಖ ಬಿಳಿಚಿಕೊಂಡಿತು.

"ಆರ್ಲಿಸ್, ಒಂದು ನಿಮಿಷ. ಸಮಿತಿಯವರ ಹತ್ರ ಮತ್ತೆ ಮಾತಾಡಿದ್ದೀನಿ. ನಿಮಗೂ ಒಂದು ಪಟ್ಟಿ ಹಾಕಿಸೋಣ ಅಂತ ಒಪ್ಪಿದ್ದಾರೆ. ಹಾರ್ಲನ್ ಪಟ್ಟಿ ಪಕ್ಕದಲ್ಲೇ, ಅದೇ ಅಳತೆ, ಅದೇ ಹಿತ್ತಾಳೆ."

"ಏನಂತ ಬರೆಸ್ತೀರ?"

ಡ್ವೈಟ್ ಖುಷಿಯಿಂದಲೇ ಹೇಳಿದ. "'ಉತ್ತಮ ಮಹಿಳಾ ಸ್ಪರ್ಧಿ, ಆರ್ಲಿಸ್ ಕೊವಾರಿಕ್.'"

ಲವಾನ್ ಕೈಯಲ್ಲಿದ್ದ ನಿಂಬೆ ಶರಬತ್ತಿನ ಲೋಟ ಕೆಳಗಿಟ್ಟಳು. "ಅಯ್ಯೋ ಡ್ವೈಟ್," ಅಂದಳು, "ನೀನು ನಿಮ್ಮಪ್ಪನ ಮಗಾನೇ ಕಣಪ್ಪ."

ಆರ್ಲಿಸ್ ಪೆಟ್ಟಿಗೆ ತೆರೆದು ಪಿಸ್ತೂಲನ್ನು ತೆಗೆದುಕೊಂಡಳು. ತನ್ನ ಸರದಿ ಬಂದಾಗ ಗುರಿಗೆರೆಗೆ ಹೋಗಿ ನಿಂತಳು. ಉರುಳೆಯ ಪಕ್ಕದ ಸಣ್ಣ ಬಾಗಿಲು ತೆರೆದು, ಆರು ತೂತುಗಳಲ್ಲಿ ಒಂದನ್ನು ಖಾಲಿ ಬಿಟ್ಟು, ಐದು ಗುಂಡು ತುಂಬಿದಳು. ಡ್ವೈಟ್ ಹಿಂದಿನಿಂದ, "ಆರ್ಲಿಸ್, ಬೇಡ, ದಯವಿಟ್ಟು," ಎನ್ನುತ್ತಿದ್ದ. ಅವಳು ಹೆಬ್ಬೆರಳಿಂದ ಹ್ಯಾಮರನ್ನು ಪೂರಾ ಹಿಂದಕ್ಕೆ ಎಳೆದಳು. ಹೊಸ ಉಕ್ಕು ಬಿಗಿಯಾಗಿತ್ತು, ಕಟಕಟ ಎಂದು ಗಟ್ಟಿಯಾಗಿ ಸದ್ದು ಮಾಡಿತು. ಉರುಳೆ ತಿರುಗಿತು.

ಪಿಸ್ತೂಲಿನ ಕುದುರೆ ಒತ್ತಿದಳು. ಗುಂಡು ತಟ್ಟೆಗಿಂತ ಒಂದು ಗೇಣು ಕೆಳಗೆ ಮರಳಿಗೆ ಬಡಿದು ದೂಳೆದ್ದಿತು.

"ಆರ್ಲಿಸ್, ಎರೆಹುಳ ಬೇಟೆಯೇನೇ?" ಎಂದು ಯಾರೋ ಹಿಂದಿನಿಂದ ಕೂಗಿದರು. ಜನ ನಕ್ಕರು. ಅವಳ ಕತ್ತು ಮತ್ತೆ ಕೆಂಪಾಯಿತು. ಇಂಥ ನಕಲುಗಳ ನಳಿಗೆಯ ತುದಿಯಲ್ಲಿರುವ ಗುರಿಮೊನೆಯನ್ನು ಎತ್ತರವಾಗಿಯೇ ಬಿಟ್ಟಿರುತ್ತಾರೆ, ಕೊಂಡವರು ಅರದಿಂದ ಉಜ್ಜಿ ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಇದನ್ನು ಯಾರೂ ಉಜ್ಜಿರಲಿಲ್ಲ. ಅವಳು ತಟ್ಟೆಯ ಮೇಲಂಚಿಗಿಂತ ತುಸು ಮೇಲೆ ಹಿಡಿದಳು. ಠಣ್. ಎರಡನೇ ತಟ್ಟೆ ಬಿತ್ತು. ಠಣ್. ಮೂರನೆಯದು. ನಾಲ್ಕನೆಯದೂ ಬಿತ್ತು. ನಗು ನಿಂತಿತ್ತು. ಕೊನೆಯ ಗುಂಡು ಐದನೇ ತಟ್ಟೆಯ ಅಂಚಿಗೆ ತಾಗಿತು. ತಟ್ಟೆ ಹಿಂದೆ ಮುಂದೆ ತೂಗಾಡಿ, ಬೀಳದೆ, ನಿಂತೇಬಿಟ್ಟಿತು.

ಐದಕ್ಕೆ ಮೂರು. ಅರವತ್ತೇಳರ ಕೈಗೆ, ಅದೂ ಹೊಸ ಪಿಸ್ತೂಲಿನಲ್ಲಿ, ಕೆಟ್ಟದ್ದೇನಲ್ಲ ಎಂದ ಲೆನ್. "ಸುಮ್ನಿರು, ನಂಗೆ ಸಮಾಧಾನ ಹೇಳ್ಬೇಡ," ಅಂದಳು ಆರ್ಲಿಸ್. ಆದರೆ ಪಿಸ್ತೂಲನ್ನು ಕೆಳಗಿಡಲಿಲ್ಲ. ಬಿಸಿಯಾಗಿದ್ದ ಉರುಳೆಯನ್ನು ಬಿಸಿಲಿಗೆ ತಿರುಗಿಸಿ ನೋಡಿದಳು. ಸುತ್ತಲೂ ಸಣ್ಣ ಗೆರೆ ಮೂಡಿತ್ತು. ಎದೆಯಲ್ಲಿ ಚುಳ್ಳೆಂದದ್ದೂ ನಿಜ. ಅದನ್ನು ಯಾರಿಗೂ ತೋರಗೊಡಲಿಲ್ಲ.

ಆ ದಿನ ಗೆದ್ದದ್ದು ಕೇಯ್ಲಾ ಹ್ರುಸ್ಕಾ ಎಂಬ ನರ್ಸ್ ಹುಡುಗಿ, ಐದಕ್ಕೆ ಐದು. ಮೈಕಿನಲ್ಲಿ "ಚಾಂಪಿಯನ್ ಕೇಯ್ಲಾ ಹ್ರುಸ್ಕಾ" ಎಂದು ಕರೆದರು, ಅರ್ಧ ಹಂದಿಯ ಮಾಂಸ ಬಹುಮಾನ ಕೊಟ್ಟರು, ಹೆಂಗಸರಿಗೆ ಬೇರೆ ವಿಭಾಗವೆಂಬ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಎಲ್ಲರಿಗೂ ಅದು ಯಾವತ್ತೂ ಹಾಗೇ ಇದ್ದದ್ದೆಂಬಂತೆ ಇತ್ತು. ಆರ್ಲಿಸ್ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದಳು, ತಟ್ಟುತ್ತಲೇ ಹಲ್ಲು ಕಡಿದಳು. ಇಷ್ಟು ಸುಲಭವಿತ್ತೇ ಅದು? ಹಾಗಾದರೆ ಆಗ ಯಾರ ಗಂಟಲಿಗೆ ಏನು ಸಿಕ್ಕಿಕೊಂಡಿತ್ತು?

ಡ್ವೈಟ್ ಆಮೇಲೆ ಊರಿಡೀ ಹೇಳಿಕೊಂಡು ಬಂದ, ಆರ್ಲಿಸ್ ಹಟಕ್ಕೆ ಊರಿನ ನೆನಪನ್ನೇ ಹಾಳು ಮಾಡಿದಳು ಅಂತ. ಕೆಲವರು ಹೌದೆಂದರು. ಚರ್ಚಿನಲ್ಲಿ ಇಬ್ಬರು ಅವಳ ಪಕ್ಕದ ಬೆಂಚು ಬಿಟ್ಟು ಮುಂದೆ ಹೋಗಿ ಕೂತರು. ಆಲ್ವಿನ್ ಮಾತ್ರ ಕೆಫೆಯಲ್ಲಿ ಎಲ್ಲರೂ ಇರುವಾಗ, ಯಾರೂ ಕೇಳದೆಯೇ, ಊರುಗೋಲು ಕುಟ್ಟಿ ಹೇಳಿದನಂತೆ. "ಎಣಿಸಿದೋನು ನಾನು. ಅವಳದ್ದು ಐದು. ಇನ್ಮೇಲೆ ಯಾರಾದ್ರೂ ರೋಸ್ಟರ್ ಅಂದ್ರೆ ಈ ಕೋಲು ಮುರೀತೀನಿ." ತಡವಾಯಿತು ಕಣಯ್ಯ ಎಂದು ಆರ್ಲಿಸ್ ಅವನಿಗೆ ಮುಖದ ಮೇಲೇ ಅಂದಳು. ಅವನು ಹೌದು ಎಂದು ತಲೆಯಾಡಿಸಿದ.

ಮ್ಯೂಸಿಯಂ ತೆರೆದ ದಿನ ಅವಳು ಹೋಗಲಿಲ್ಲ. ಲವಾನ್ ಹೋದಳು. ಗಾಜಿನ ಪೆಟ್ಟಿಗೆಯಲ್ಲಿ ಯಾರಿಂದಲೋ ಕೊಂಡುತಂದ ಹದಿನಾಲ್ಕನೇ ನಂಬರಿನ ಪಿಸ್ತೂಲು, ಹಿಂದೆ ದೊಡ್ಡದು ಮಾಡಿಸಿದ ಹಾರ್ಲನ್‌ನ ಫೋಟೋ, ವೇದಿಕೆಯ ಮೇಲೆ ಪೆಟ್ಟಿಗೆ ಹಿಡಿದು ನಿಂತದ್ದು. ಭಾಷಣ ನಡೆಯುತ್ತಿರುವಾಗಲೇ ಲವಾನ್ ಎದ್ದು ಹೇಳಿದಳು. "ಅದನ್ನ ಇಳಿಸು, ಡ್ವೈಟ್. ನನ್ನ ಗಂಡನ ಮುಖ ನೋಡು ಅದರಲ್ಲಿ. ನಾಚಿಕೆಯಿಂದ ಸಾಯ್ತಿದ್ದಾನೆ. ಬದುಕಿದ್ದಷ್ಟು ದಿನ ಸತ್ತಿದ್ದು ಸಾಕು." ಆ ಸಂಜೆಯೇ ಫೋಟೋ ಇಳಿಯಿತು. ಆರ್ಲಿಸ್‌ಳ ಹೆಸರು ಅಲ್ಲಿಗೆ ಏರಲಿಲ್ಲ, ಇವತ್ತಿಗೂ ಏರಿಲ್ಲ.

ಲವಾನ್ ಅದನ್ನೆಲ್ಲ ಬಂದು ಹೇಳಿದಾಗ ಆರ್ಲಿಸ್ ಮೊದಲ ಸಲ ಅವಳ ಕೈ ಹಿಡಿದುಕೊಂಡಳು. ಆಮೇಲೆ ಸ್ಕ್ರೂಡ್ರೈವರ್ ತಂದು ಮುಚ್ಚಳದ ಹಿತ್ತಾಳೆ ಪಟ್ಟಿಯನ್ನು ಬಿಚ್ಚಿ ಅವಳ ಮುಂದಿಟ್ಟಳು. "ಬೇಕಾ ಇದು?"

"ಎಸ್ದುಬಿಡು," ಅಂದಳು ಲವಾನ್. ಆಮೇಲೆ, ಆರ್ಲಿಸ್ ಕಸದ ಡಬ್ಬಿಯ ಮುಚ್ಚಳ ಎತ್ತಿದಾಗ, "ತಾಳು, ಕೊಡು ಇಲ್ಲಿ," ಎಂದು ಕೈಚೀಲಕ್ಕೆ ಹಾಕಿಕೊಂಡಳು.

ಶರತ್ಕಾಲದಿಂದ ಇಬ್ಬರೂ ಭಾನುವಾರ ಮಧ್ಯಾಹ್ನ ಜಲ್ಲಿಗುಂಡಿಗೆ ಹೋಗತೊಡಗಿದರು. ಲೆನ್ ಗುರಿಮೊನೆಯನ್ನು ಅರದಿಂದ ಉಜ್ಜಿ ಹೊಂದಿಸಿಕೊಟ್ಟಿದ್ದ. ಲವಾನ್‌ಗೆ ಹೊಡೆಯುವುದು ಬರುತ್ತಿರಲಿಲ್ಲ, ಕುದುರೆ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಿದ್ದಳು. "ಕಣ್ ಬಿಡೇ ಮಾರಾಯ್ತಿ, ತಟ್ಟೆ ನಿನ್ನ ಕಚ್ಚಲ್ಲ," ಎಂದು ಆರ್ಲಿಸ್ ಬೈಯುವುದು, "ನೀನು ಕಿವಿ ಹತ್ರ ಕಿರುಚ್ಬೇಡ, ಪಿಸ್ತೂಲಿಗಿಂತ ನಿಂದೇ ಜೋರು," ಎಂದು ಅವಳು ತಿರುಗಿ ಅನ್ನುವುದು. ಉರುಳೆಯ ಗೆರೆ ಆಳವಾಯಿತು. ಹಿಡಿಯ ಮೇಲೆ ಬೆವರಿನ ಕಪ್ಪು ಕೂತಿತು. ನಳಿಗೆಯ ಬಾಯಲ್ಲಿ ನೀಲಿ ಹೋಗಿ ಬರೀ ಉಕ್ಕು ಕಾಣತೊಡಗಿತು.

ಚಳಿಗಾಲ ಕಳೆದ ಮೇಲೆ ಒಂದು ದಿನ ಅಂಗಡಿಯಲ್ಲಿ ಡ್ವೈಟ್ ಎದುರಾದ. ಸುತ್ತ ನೋಡಿ ದನಿ ತಗ್ಗಿಸಿದ. "ಆರ್ಲಿಸ್, ಈಗ್ಲೂ ಕಾಲ ಮಿಂಚಿಲ್ಲ. ಓಮಾಹಾದಲ್ಲಿ ಒಬ್ರಿದ್ದಾರೆ, ಹೊಸ ನೀಲಿ ಬಣ್ಣ ಹಾಕಿಕೊಡ್ತಾರೆ. ಗೆರೆ ಗಿರೆ ಏನೂ ಕಾಣಲ್ಲ. ಮ್ಯೂಸಿಯಂನಲ್ಲಿ ಇಡ್ಬೋದು."

"ಹೆಸರು ಯಾರದು ಹಾಕ್ತೀಯ?"

"ಅದು... ಸಮಿತೀಲಿ ಮಾತಾಡ್ಬೇಕು."

"ಮಾತಾಡ್ರಪ್ಪ. ನಿಧಾನಕ್ಕೆ ಮಾತಾಡಿ," ಅಂದಳು ಆರ್ಲಿಸ್. ಎರಡು ಡಬ್ಬಿ ಗುಂಡುಗಳನ್ನು ಗಲ್ಲಾದ ಮುಂದಿಟ್ಟಳು. ಹೊರಗೆ ಗಾಡಿಯಲ್ಲಿ ಕೂತಿದ್ದ ಲವಾನ್, ತಡವಾಯಿತೆಂದು, ಎಡೆಬಿಡದೆ ಹಾರ್ನ್ ಒತ್ತುತ್ತಿದ್ದಳು.